ಇವತ್ತಿನ ಮುದ್ದೆ, ನಾಳೆಯ ನೆಲ್ಲಿ

'ಇಂದು ನಗದು, ನಾಳೆ ಸಾಲ.' ಈ ಬೋರ್ಡು ನಮ್ಮೂರಿನ ಎಷ್ಟು ಅಂಗಡಿಗಳಲ್ಲಿ ನೇತಾಡುತ್ತಿಲ್ಲ! ಆ ನಾಳೆ ಯಾವತ್ತೂ ಬರೋದಿಲ್ಲ ಅಂತ ಗಿರಾಕಿಗೂ ಗೊತ್ತು, ಅಂಗಡಿಯವರಿಗೂ ಗೊತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೂ ಇಂಥದೇ ಒಂದು ಬೋರ್ಡನ್ನು ವರ್ಷಗಟ್ಟಲೆ ತೋರಿಸುತ್ತಾ ಬಂದಿದ್ದೇವೆ: ಇಂದು ಕಾಡು ಉಳಿಸಿ, ನಾಳೆ ಫಲ ಉಣ್ಣಿ.

ಮೊನ್ನೆ ಯಳಂದೂರಿನಲ್ಲಿ ಬೆಟ್ಟದ ಬಸ್ಸು ಹತ್ತಿದಾಗ ಪಕ್ಕದಲ್ಲಿ ದಿನಸಿ ವ್ಯಾಪಾರಿಯೊಬ್ಬರು ಕೂತಿದ್ದರು. ಮಾತು ನೆಲ್ಲಿಕಾಯಿಗೆ ತಿರುಗಿತು. "ಕಾಡ್ ಜನಕ್ಕೆ ಇವತ್ತಿಂದು ಇವತ್ತಿಗಾದ್ರೆ ಸಾಕು ಸಾರ್. ನಾಳೆ ಚಿಂತೆ ಎಲ್ಲದೆ? ಕೊಂಬೇನೇ ಕಡಿದು ಕಾಯಿ ಉದುರಿಸ್ತಾರೆ" ಎಂದರು. ಇದು ಅವರೊಬ್ಬರ ಮಾತಲ್ಲ. ಪೇಟೆಯಲ್ಲಿ ಹತ್ತು ಜನರನ್ನು ಕೇಳಿದರೆ ಎಂಟು ಜನ ಇದನ್ನೇ ಹೇಳುತ್ತಾರೆ.

ಹಾಗಾದರೆ ನಿಜ ಏನು?

ತಾತನ ಲೆಕ್ಕ

ಬೆಟ್ಟದ ಪೋಡೊಂದರ ಜಗಲಿಯಲ್ಲಿ ಕೂತಿದ್ದ ಹಿರಿಯರನ್ನು ನೇರವಾಗೇ ಕೇಳಿದೆ. "ತಾತ, ಕೊಂಬೆ ಕಡಿಯೋದು ನಿಜವಾ?"

ತಾತ ಸಿಟ್ಟಾಗಲಿಲ್ಲ. "ಕಡ್ದಿದ್ದೀವಿ ಸ್ವಾಮಿ, ಸುಳ್ಳ್ಯಾಕೆ ಹೇಳನ? ಬರೋ ವರ್ಸ ಆ ಕೊಂಬೇಲಿ ಕಾಯಿ ಬರಾಕಿಲ್ಲ ಅಂತ ನಮಗೆ ಗೊತ್ತಿಲ್ವಾ? ಮನೇಲಿ ರಾಗಿ ಮುಗ್ದಿರ್ತದೆ. ನಾ ಬುಟ್ಟೋದ್ರೆ ಹಿಂದ್ಗಡೆ ಬರೋನು ಬುಟ್ಟಾನಾ?"

ಈ ಮಾತಿನಲ್ಲಿ ಇಡೀ ಲೆಕ್ಕ ಇದೆ. ಮರ ಹತ್ತಿ ಕೈಯಲ್ಲಿ ಕಿತ್ತರೆ ಸಂಜೆವರೆಗೂ ದುಡಿಯಬೇಕು. ಕೊಂಬೆ ಕೆಡವಿದರೆ ಮಧ್ಯಾಹ್ನಕ್ಕೇ ಚೀಲ ತುಂಬುತ್ತದೆ. ದುಡ್ಡು ಸಿಗುವುದು ಕೆ.ಜಿ. ಲೆಕ್ಕದಲ್ಲಿ. ಕೊಂಬೆ ಉಳಿಸಿದವನಿಗೆ ತಕ್ಕಡಿಯಲ್ಲಿ ಒಂದು ಗುಂಜಿಯೂ ಹೆಚ್ಚು ತೂಗುವುದಿಲ್ಲ.

ಹಳೇ ಕಟ್ಟು ಬೇರೆಯೇ ಇತ್ತು. ಮರದ ಕಾಯನ್ನೆಲ್ಲ ಬಳಿಯದೆ ಒಂದಷ್ಟು ಬಿಟ್ಟು ಬರುವುದು. ಬಿದ್ದ ನೆಲ್ಲಿಯನ್ನು ಜಿಂಕೆ, ಕಾಡುಕುರಿ ತಿಂದು ಬೀಜವನ್ನು ಬೇರೆಡೆ ಉಗುಳುತ್ತವೆ. ಅಲ್ಲಿ ಸಸಿ ಏಳುತ್ತದೆ. ಆ ಸಸಿ ಕಾಯಿ ಬಿಡಲು ವರ್ಷಗಟ್ಟಲೆ ಬೇಕು. ಬಿಟ್ಟ ಕಾಯಿ ಮಗನ ಕಾಲಕ್ಕೆ ಇಟ್ಟ ಗಂಟು. ನಾವು ಬಾಟಲಿಯಲ್ಲಿ ಕೊಳ್ಳುವ ಮಾಗಳಿ ಬೇರಿನ ಉಪ್ಪಿನಕಾಯಿ ಕತೆಯೂ ಇದೇ. ಬುಡದಲ್ಲಿ ಒಂದಿಷ್ಟು ಬೇರು ಉಳಿಸಿ ಮಣ್ಣು ಮುಚ್ಚಿದರೆ ಬಳ್ಳಿ ಮತ್ತೆ ಚಿಗುರುತ್ತದೆ. ಪೂರ್ತಿ ಅಗೆದರೆ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ತಿಳಿದ ಜನ ಯಾಕೆ ಕತ್ತಿ ಎತ್ತಿದರು?

ಬದಲಾಗುತ್ತಾ ಬಂದ ಕಾಡಿನ ಯಜಮಾನರು

ಮೊದಲು ಕಾಡಿನ ಉತ್ಪನ್ನ ಕಂಟ್ರಾಕ್ಟರುಗಳ ಕೈಲಿತ್ತು. ಸೋಲಿಗ ಬರೀ ಕೂಲಿ. ಗುತ್ತಿಗೆ ಮುಗಿಯುವುದರೊಳಗೆ ಆದಷ್ಟು ಬಾಚುವುದು ಕಂಟ್ರಾಕ್ಟರ್ ಧರ್ಮ. ಆಮೇಲೆ ಗಿರಿಜನರ ಸಹಕಾರ ಸಂಘ 'ಲ್ಯಾಂಪ್ಸ್' ಬಂತು. ನೆಲ್ಲಿ, ಜೇನು, ಸೀಗೆ, ಅಂಟುವಾಳ, ಕಲ್ಲುಪಾಚಿ ಎಲ್ಲ ಅದರ ತಕ್ಕಡಿಗೆ ಬಿತ್ತು.

ಅಷ್ಟರಲ್ಲಿ 1974ರಲ್ಲಿ ಬೆಟ್ಟ ವನ್ಯಜೀವಿ ಧಾಮವಾಗಿತ್ತು. 1987ರಲ್ಲಿ ಅದು ಸುಮಾರು 540 ಚದರ ಕಿ.ಮೀ.ಗೆ ಹಿಗ್ಗಿತು. ಬೇಟೆ ನಿಂತಿತು. ಜಾಗ ಬದಲಿಸುತ್ತಾ ರಾಗಿ ಬಿತ್ತುವ ಬೇಸಾಯವೂ ನಿಂತಿತು. ಉಳಿದದ್ದು ಈ ಕಾಯಿ, ಜೇನು, ಪಾಚಿ. 1990ರ ದಶಕದಲ್ಲಿ ನಡೆದ ಅಧ್ಯಯನಗಳಲ್ಲಿ ಸೋಲಿಗರ ಕೈಸೇರುವ ನಗದಿನಲ್ಲಿ ಅರ್ಧದಷ್ಟು ಇದರಿಂದಲೇ ಬರುತ್ತಿದ್ದದ್ದು ಕಂಡುಬಂತು.

2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಆಯಿತು. ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಮಾರಾಟಕ್ಕೆ ಕಾಯಿ, ಜೇನು ತರುವುದಕ್ಕೇ ಬೀಗ ಬಿತ್ತು. ಅರ್ಧ ಸಂಪಾದನೆ ನಿಂತರೆ ನಮ್ಮ ನಿಮ್ಮ ಮನೆ ಏನಾಗುತ್ತಿತ್ತು? ಎಷ್ಟೋ ಜನ ಕೊಡಗು, ಕೇರಳದ ಕಡೆ ಕೂಲಿಗೆ ಹೊರಟರು.

ಓದುಗರೇ, ಇನ್ನೊಂದು ಮಾತು ಕೇಳಿ. ಕೀಳುವವರು ನಿಂತ ಮಾತ್ರಕ್ಕೆ ನೆಲ್ಲಿ ಚೇತರಿಸಿಕೊಳ್ಳಲಿಲ್ಲ. ಮರ ಕ್ಷೀಣಿಸಲು ಕಾಯಿ ಕೀಳುವುದೊಂದೇ ಕಾರಣ ಅಲ್ಲ ಎಂದು ವಿಜ್ಞಾನಿಗಳೇ ಹೇಳಿದ್ದಾರೆ. ಲಂಟಾನ ಪೊದೆ ನೆಲವನ್ನೆಲ್ಲ ಆಕ್ರಮಿಸಿ ಸಸಿಗಳ ಉಸಿರು ಕಟ್ಟಿಸಿದೆ. 1997ರಿಂದ 2008ರೊಳಗೆ ಬೆಟ್ಟದಲ್ಲಿ ಅದರ ಹರವು ದುಪ್ಪಟ್ಟಾಯಿತು. ಮೇಲೆ ಕೊಂಬೆಗೆ ಬಂದಳಿಕೆ, ಸೋಲಿಗರ ಬಾಯಲ್ಲಿ 'ಉಪ್ಪಿಲು'. ಅದು ಮರದ ರಸ ಹೀರಿ ಸೊರಗಿಸುತ್ತದೆ.

ಹಿಂದೆ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ನೆಲದ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. 'ತರಗು ಬೆಂಕಿ' ಅಂತ ಹೆಸರು. ಲಂಟಾನವೂ ಉಪ್ಪಿಲೂ ಅದರಿಂದಲೇ ಹತೋಟಿಯಲ್ಲಿದ್ದವು ಎನ್ನುವುದು ಹಿರಿಯರ ವಾದ. ಬೆಂಕಿಗೆ ನಿಷೇಧ ಬಂತು. ಈಗ ಲಂಟಾನ ಆಳೆತ್ತರ ಬೆಳೆದು ನಿಂತಿರುವಾಗ ಬೆಂಕಿ ಹಚ್ಚಿದರೆ ಅದು ಮರದ ತುದಿಗೇ ಹಾರೀತು. ಹಾಗಾಗಿ ಹಳೇ ಉಪಾಯವನ್ನು ಹಾಗೇ ಹಿಂದಕ್ಕೆ ತರುವುದೂ ಸುಲಭವಲ್ಲ.

ಬಾಡಿಗೆ ಅಂಗಡಿಗೆ ಮಾರ್ಬಲ್ ಹಾಕಿಸ್ತೀರಾ?

ಅಂಗಡಿಯವರನ್ನೇ ಒಂದು ಪ್ರಶ್ನೆ ಕೇಳುತ್ತೇನೆ. ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಅಂಗಡಿಗೆ ನೀವು ಮಾರ್ಬಲ್ ಹಾಕಿಸ್ತೀರಾ? ಮಾಲೀಕ ನಾಳೆ ಎದ್ದೇಳು ಅನ್ನಬಹುದು ಎಂದು ಗೊತ್ತಿದ್ದರೆ ಸುಣ್ಣ ಬಳಿಸಲೂ ಹಿಂದೆಮುಂದೆ ನೋಡ್ತೀರಿ. ಅದೇ ಸ್ವಂತ ಮಳಿಗೆ ಆದರೆ ಸಾಲ ಮಾಡಿಯಾದರೂ ತಾರಸಿ ರಿಪೇರಿ ಮಾಡಿಸ್ತೀರಿ. ಸೋಲಿಗರ ಲೆಕ್ಕ ಇದಕ್ಕಿಂತ ಬೇರೆ ಅಲ್ಲ.

ಸಾಕ್ಷಿ ಬೇಕಾದರೆ ಪೋಡಿನ ಮನೆಗಳ ಹಿತ್ತಲು ನೋಡಿ. ಎಷ್ಟೋ ಮನೆಗಳವರು ಕಾಫಿ ಗಿಡ ಬೆಳೆಸಿದ್ದಾರೆ. ಕಾಫಿ ನೆಟ್ಟ ವರ್ಷವೇ ಕಾಸು ಕೊಡುವುದಿಲ್ಲ, ಮೂರು ನಾಲ್ಕು ವರ್ಷ ಕಾಯಬೇಕು. ನಾಳೆ ಚಿಂತೆ ಇಲ್ಲದವರು ಕಾಫಿ ನೆಡುತ್ತಾರೆಯೇ? ತಮ್ಮದು ಅನ್ನುವ ನೆಲದಲ್ಲಿ ಅವರು ಕಾಯುತ್ತಾರೆ. ಆದರೆ ಮದುವೆ, ಆಸ್ಪತ್ರೆ, ಮಕ್ಕಳ ಓದು ಅಂತ ಮುಂಗಡ ಪಡೆದವರು ಮಾತ್ರ ಹಣ್ಣು ಕೆಂಪಾಗುವ ಮೊದಲೇ ಕೊಟ್ಟಷ್ಟು ದರಕ್ಕೆ ತಲೆಯಾಡಿಸಬೇಕು. ಕಾಯುವ ಬುದ್ಧಿ ಇದ್ದರೆ ಸಾಲದು, ಕಾಯುವ ತನಕ ಮನೆಯಲ್ಲಿ ರಾಗಿ ಇರಬೇಕು.

ಕಾಗದ ಬಂತು, ಮುಂದೆ?

2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 25 ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಕಾಯಿ, ಜೇನು ಕೀಳುವ, ಮಾರುವ ಹಕ್ಕಿನ ಜೊತೆ ಕಾಡನ್ನು ಕಾಯುವ, ನೋಡಿಕೊಳ್ಳುವ ಅಧಿಕಾರವೂ ಗ್ರಾಮಸಭೆಗೆ ಉಂಟು ಎನ್ನುತ್ತದೆ ಕಾನೂನು.

ಇದು ಸಣ್ಣ ಸಂಗತಿಯಲ್ಲ. 'ನಾ ಬುಟ್ರೆ ಹಿಂದಿನವನು ಬುಟ್ಟಾನಾ' ಎಂಬ ತಾತನ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ಯಾವ ಮರಕ್ಕೆ ಯಾವಾಗ ಕೈ ಹಾಕಬೇಕು, ಕೊಂಬೆ ಕಡಿದವನಿಗೆ ಏನು ದಂಡ ಎಂದು ಗ್ರಾಮಸಭೆಯೇ ತೀರ್ಮಾನಿಸಿದರೆ ಹಿಂದಿನವನೂ ಬಿಡಲೇಬೇಕು. ಆದರೆ ಹಕ್ಕುಪತ್ರ ಲಂಟಾನ ಕೀಳುವುದಿಲ್ಲ. ಹೊಟ್ಟೆ ತುಂಬಿಸುವುದೂ ಇಲ್ಲ. ಲಂಟಾನ ತೆಗೆಯುವ ಕೂಲಿಯನ್ನು ಪೋಡಿನವರಿಗೇ ಕೊಟ್ಟರೆ ಇವತ್ತಿನ ರಾಗಿಯೂ ಆಯಿತು, ನಾಳೆಯ ಸಸಿಯೂ ಎದ್ದಿತು. ಕೈಯಲ್ಲಿ ಕಿತ್ತ ಬಲಿತ ಕಾಯಿಗೆ ತಕ್ಕಡಿಯಲ್ಲಿ ನಾಲ್ಕು ಕಾಸು ಹೆಚ್ಚು ಸಿಕ್ಕರೆ ಕತ್ತಿ ತಾನಾಗೇ ಮನೆಯಲ್ಲಿ ಉಳಿಯುತ್ತದೆ. ಈ ಎರಡನೇ ಕೆಲಸಕ್ಕೆ ಸರ್ಕಾರವೇ ಬೇಕೆಂದಿಲ್ಲ, ಪೇಟೆಯವರು ಮನಸ್ಸು ಮಾಡಿದರೂ ಸಾಕು.

ಹೊರಡುವಾಗ ತಾತನನ್ನು ಕೇಳಿದೆ. "ಈ ಸಲ ನೆಲ್ಲಿ ಹೆಂಗೈತೆ?"

"ಐತೆ, ಮೊದಲಿನಂಗಿಲ್ಲ. ಮೊಮ್ಮಗನ ಕಾಲಕ್ಕೆ ಐದಾರು ಮರ ಉಳುದ್ರೆ ಸಾಕು ಅನ್ಸದೆ" ಎಂದರು.

ನಾಳೆ ಚಿಂತೆ ಇಲ್ಲದವರ ಮಾತು ಇದಲ್ಲ. 'ನಾಳೆ ಸಾಲ' ಬೋರ್ಡು ಅಂಗಡಿಗೆ ಸರಿ. ಅದನ್ನೇ ಕಾಡಿನ ಜನಕ್ಕೆ ತೋರಿಸಿದರೆ ಅವರೂ ಇವತ್ತೇ ನಗದು ಕೇಳುತ್ತಾರೆ. ಆ ನಗದು ಕೊಂಬೆ ಸಮೇತ ಪೇಟೆಗೆ ಇಳಿಯುತ್ತದೆ.