ಕೆಟ್ಟ ಬ್ಲಾಕಿನ ಗುರುತು ಅಳಿಸಬೇಡಿ

ಮುಂಬಯಿಯ ಅಂಧೇರಿ ಪೂರ್ವದ ಸೀಪ್ಜ್ ರಫ್ತು ವಲಯ 1973ರಲ್ಲಿ ಶುರುವಾದದ್ದು ಎಲೆಕ್ಟ್ರಾನಿಕ್ಸ್ ರಫ್ತಿಗಾಗಿ. ವಜ್ರ, ಒಡವೆಗಳ ಕಾರುಬಾರು ಸೇರಿಕೊಂಡದ್ದು ಆಮೇಲೆ. ವಜ್ರದಲ್ಲಿ ಚಿಕ್ಕ ಕಲೆ ಕಂಡರೂ ಬೆಲೆ ಇಳಿಯುತ್ತದೆ. ಮೆಮೊರಿ ಚಿಪ್ಪಿನವರ ನ್ಯಾಯವೇ ಬೇರೆ. ನ್ಯಾಂಡ್ ಫ್ಲ್ಯಾಶ್ ಚಿಪ್ಪು ಕಾರ್ಖಾನೆಯಿಂದ ಹೊರಡುವಾಗಲೇ ಒಂದಷ್ಟು ಕೆಟ್ಟ ಬ್ಲಾಕ್‌ಗಳನ್ನು (ಒಟ್ಟಿಗೇ ಅಳಿಸುವ ಮೆಮೊರಿ ತುಂಡುಗಳನ್ನು) ಹೊತ್ತು ಬರಬಹುದು. ಆದರೂ ಅದು ಒಳ್ಳೆಯ ಮಾಲೇ.

ಮನೆಯ ವೈಫೈ ರೌಟರಿನಲ್ಲಿರುವಂಥ 128 ಎಂಬಿ ಚಿಪ್ಪನ್ನೇ ನೋಡಿ. ಅದರಲ್ಲಿ ಸಾಮಾನ್ಯವಾಗಿ 128 ಕೆಬಿಯ 1024 ಬ್ಲಾಕ್‌ಗಳಿರುತ್ತವೆ. ತಯಾರಕರು ಭರವಸೆ ಕೊಡುವುದು ಹೆಚ್ಚಾಗಿ 1004ಕ್ಕೆ ಮಾತ್ರ. ಉಳಿದ 20 ಕೆಟ್ಟಿದ್ದರೆ ದೂರುವಂತಿಲ್ಲ. ಯಂತ್ರ ಕಣ್ಣು ಬಿಡಲು ಬೇಕಾದ ಮೊದಲ ಬ್ಲಾಕ್ ಮಾತ್ರ ಸರಿಯಿರಲೇಬೇಕು.

ಕೆಟ್ಟದ್ದು ಯಾವುದೆಂದು ತಿಳಿಯುವುದು ಹೇಗೆ? ಬ್ಲಾಕಿನೊಳಗೆ 2048 ಬೈಟ್‌ಗಳ ಪುಟಗಳಿದ್ದು, ಪ್ರತಿ ಪುಟದ ಪಕ್ಕದಲ್ಲಿ 64 ಬೈಟ್‌ಗಳ ಹೆಚ್ಚುವರಿ ಜಾಗವಿದೆ. ಖಾಲಿ ಜಾಗ ಓದಿದರೆ ಎಲ್ಲೆಲ್ಲೂ ‘ಎಫ್‌ಎಫ್’, ಅಂದರೆ ಎಲ್ಲ ಬಿಟ್‌ಗಳೂ ಒಂದು. ಸಾಮಾನ್ಯವಾಗಿ ಕೆಟ್ಟ ಬ್ಲಾಕಿನ ಮೊದಲ ಪುಟಗಳ ಈ ಅಂಚಿನಲ್ಲಿ ಕಾರ್ಖಾನೆಯವರು ಬೇರೆ ಗುರುತು ಹಾಕಿರುತ್ತಾರೆ. ಚಿಪ್ಪನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಮೊದಲ ಸಲ ಇವನ್ನೆಲ್ಲ ಓದಿ ಪಟ್ಟಿ ಮಾಡುತ್ತದೆ. ಲಿನಕ್ಸ್‌ನಲ್ಲಿ ಆ ಪಟ್ಟಿಯನ್ನು ಚಿಪ್ಪಿನ ಕೊನೆಯ ಬ್ಲಾಕ್‌ಗಳಲ್ಲೇ, ಎರಡು ಪ್ರತಿ ಮಾಡಿ ಇಡುವ ವ್ಯವಸ್ಥೆಯಿದೆ.

ಬಳಸುತ್ತ ಹೋದಂತೆ ಇನ್ನಷ್ಟು ಬ್ಲಾಕ್‌ಗಳು ಕೆಡುತ್ತವೆ. ಬರೆಯುವಾಗಲೋ ಅಳಿಸುವಾಗಲೋ ಚಿಪ್ಪು ‘ಆಗಲಿಲ್ಲ’ ಎಂದರೆ ಡ್ರೈವರ್ ಉಳಿದ ಮಾಹಿತಿಯನ್ನು ಬೇರೆಡೆಗೆ ಸಾಗಿಸಿ ಆ ಬ್ಲಾಕನ್ನು ಪಟ್ಟಿಗೆ ಸೇರಿಸಬೇಕು. ಓದುವಾಗ ಒಂದೆರಡು ಬಿಟ್ ಬದಲಾದದ್ದಕ್ಕೆಲ್ಲ ಹೀಗೆ ಮಾಡುವುದು ಮಾತ್ರ ಅವಸರದ ಕೆಲಸ. ಅದನ್ನು ದೋಷ ತಿದ್ದುವ ಲೆಕ್ಕವೇ ಸರಿಪಡಿಸುತ್ತದೆ. 2007ರಲ್ಲಿ ಲಿನಕ್ಸ್‌ಗೆ ಸೇರಿದ ಯುಬಿಐ ಎಂಬ ಫ್ಲ್ಯಾಶ್ ನಿರ್ವಹಣೆಯ ತಂತ್ರಾಂಶ ಅನುಮಾನದ ಬ್ಲಾಕಿಗೆ ಮತ್ತೆ ಮತ್ತೆ ಬರೆದು, ಅಳಿಸಿ, ಪರೀಕ್ಷಿಸಿ ನೋಡಿಯೇ ತೀರ್ಪು ಕೊಡುತ್ತದೆ. ಆ ಪರೀಕ್ಷೆಗೆ ಅದನ್ನು ಬರೆದವರು ಇಟ್ಟ ಹೆಸರು ‘ಟಾರ್ಚರ್’!

ಅನಾಹುತ ಆಗುವುದು ರಿಪೇರಿ ಮೇಜಿನ ಮೇಲೆ. ಕೆಟ್ಟ ರೌಟರಿನ ಚಿಪ್ಪು ಬಿಚ್ಚಿ, ಪ್ರೋಗ್ರಾಮರ್ ಎಂಬ ಯಂತ್ರದಲ್ಲಿಟ್ಟು ನಕಲು ತೆಗೆದು, ಹೊಸ ಚಿಪ್ಪಿಗೆ ಇದ್ದದ್ದು ಇದ್ದಂತೆಯೇ ತುಂಬುತ್ತಾರೆ. ಹಳೆಯದರಲ್ಲಿ ಕೆಟ್ಟದ್ದು 41ನೇ ಬ್ಲಾಕ್, ಹೊಸದರಲ್ಲಿ 300ನೆಯದು ಎಂದಿಟ್ಟುಕೊಳ್ಳಿ. ಕಣ್ಣುಮುಚ್ಚಿ ನಕಲು ಹೊಡೆದರೆ ಚೆನ್ನಾಗಿರುವ 41ಕ್ಕೆ ಹಳೆಯ ಕಳಂಕ ಅಂಟುತ್ತದೆ, ಕೆಟ್ಟ 300ಕ್ಕೆ ಬೇಕಾದ ಮಾಹಿತಿ ಹೋಗುತ್ತದೆ. ಇನ್ನೂ ಕೆಟ್ಟದ್ದು, ‘ಮೊದಲು ಎಲ್ಲ ಅಳಿಸೋಣ’ ಎನ್ನುವ ಅಭ್ಯಾಸ. ಅಳಿಸಿದರೆ ಗುರುತೂ ‘ಎಫ್‌ಎಫ್’ ಆಗಿಬಿಡಬಹುದು. ಕಾರ್ಖಾನೆಯವರು ಬೇರೆ ಬೇರೆ ಶಾಖ, ವೋಲ್ಟೇಜ್‌ಗಳಲ್ಲಿ ಪರೀಕ್ಷಿಸಿ ಹಾಕಿದ ಗುರುತನ್ನು ಅಂಗಡಿಯಲ್ಲಿ ಕೂತು ಮತ್ತೆ ಪಡೆಯಲಾಗದು.

ಮೊಬೈಲ್, ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳಲ್ಲಿ ಈ ಕೆಲಸ ಒಳಗಿನ ಕಂಟ್ರೋಲರ್‌ನದು, ಹೊರಗಿನವರಿಗೆ ಕಾಣುವುದಿಲ್ಲ. ಕಾಣದಿದ್ದರೂ ಬಳಸಿದಷ್ಟೂ ಬ್ಲಾಕ್‌ಗಳು ಸವೆಯುತ್ತಲೇ ಇರುತ್ತವೆ. ಗಲ್ಲಾಪೆಟ್ಟಿಗೆಯ ಮೇಲೆ ಸಿಸಿಟಿವಿ ಇಟ್ಟ ಹೋಟೆಲಿನವರು ಒಂದು ಲೆಕ್ಕ ಹಾಕಲಿ. ಸೆಕೆಂಡಿಗೆ 2 ಮೆಗಾಬಿಟ್ ದಾಖಲಿಸುವ ಕ್ಯಾಮೆರಾ ದಿನಕ್ಕೆ ಸುಮಾರು 21.6 ಜಿಬಿ ಬರೆಯುತ್ತದೆ. 64 ಜಿಬಿ ಕಾರ್ಡು ಮೂರು ದಿನಕ್ಕೊಮ್ಮೆ ತುಂಬಿ ಮತ್ತೆ ಮೊದಲಿನಿಂದ. ವರ್ಷಕ್ಕೆ ನೂರಿಪ್ಪತ್ತು ಸುತ್ತು. ಅಗ್ಗದ ಕಾರ್ಡು ಹಾಕಿ ಮರೆಯಬೇಡಿ. ಸತತ ದಾಖಲೆಗೆಂದೇ ಮಾಡಿದ್ದನ್ನು ಕೊಳ್ಳಿ, ಆಗಾಗ ತೆಗೆದು ದೃಶ್ಯ ಮೂಡಿದೆಯೇ ನೋಡಿ. ರಿಪೇರಿಯವರಲ್ಲೂ ಒಂದು ವಿನಂತಿ: ಅಳಿಸುವ ಬಟನ್ ಒತ್ತುವ ಮೊದಲು ಕೆಟ್ಟ ಬ್ಲಾಕ್‌ಗಳ ಪಟ್ಟಿ ಓದಿ, ಉಳಿಸಿಟ್ಟುಕೊಳ್ಳಿ.