ನಾಲ್ಕು ಮಾತ್ರೆ, ಹತ್ತು ನಿಮಿಷ, ಒಂದು ಇಂಜೆಕ್ಷನ್

ಎದೆ ಹಿಂಡಿ, ನೋವು ಎಡತೋಳಿಗೋ ದವಡೆಗೋ ಹರಿದು, ಮೈ ತಣ್ಣಗೆ ಬೆವರಿದರೂ ನಮ್ಮ ಮನೆಗಳಲ್ಲಿ ಮೊದಲು ಕೇಳುವ ಮಾತು ‘ಗ್ಯಾಸ್ಟ್ರಿಕ್ ಇರಬೇಕು’. ಜೀರಿಗೆ ಕಷಾಯ ಆಯಿತು, ಸೋಡಾ ಆಯಿತು, ಸ್ವಲ್ಪ ಹೊತ್ತು ಮಲಗಿದ್ದೂ ಆಯಿತು. ಅಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ಹೃದಯಾಘಾತದ ಖರ್ಚಿನಲ್ಲಿ ಎಲ್ಲಕ್ಕಿಂತ ದುಬಾರಿ ಬಾಬತ್ತು ಆ ಎರಡು ಗಂಟೆಯೇ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ಸುಸ್ತು, ವಾಂತಿಯಾಗಿಯೂ ಹೃದಯಾಘಾತ ಕಾಣಿಸಿಕೊಳ್ಳುತ್ತದೆ.

ಅಗ್ಗದ ಔಷಧದ ಲೆಕ್ಕ ಮೊದಲು. 1988ರಲ್ಲಿ ಪ್ರಕಟವಾದ ಐಸಿಸ್-2 ಅಧ್ಯಯನದಲ್ಲಿ 417 ಆಸ್ಪತ್ರೆಗಳ 17,187 ರೋಗಿಗಳಿದ್ದರು. ಆಸ್ಪಿರಿನ್ ಆಗಲಿ, ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಆಗಲಿ ಸಿಗದವರಲ್ಲಿ ಐದು ವಾರದೊಳಗೆ ಹೃದಯ, ರಕ್ತನಾಳದ ಕಾರಣದಿಂದ ತೀರಿಕೊಂಡವರು ಶೇ 13.2. ಎರಡೂ ಸಿಕ್ಕವರಲ್ಲಿ ಶೇ 8. ಸಾವಿರ ರೋಗಿಗಳಿಗೆ 52 ಜೀವ ಉಳಿದ ಹಾಗಾಯಿತು. ಬರೀ ಆಸ್ಪಿರಿನ್ನೇ ಸಾವಿರಕ್ಕೆ ಸುಮಾರು 24 ಜೀವ ಉಳಿಸಿತ್ತು. ಈಗ ತುರ್ತು ವಿಭಾಗದಲ್ಲಿ ಅಗಿಯಲು ಕೊಡುವುದು ಸುಮಾರು 300 ಮಿ.ಗ್ರಾಂ, ಎಂದರೆ 75ರ ನಾಲ್ಕು ಮಾತ್ರೆ. ಅಲರ್ಜಿ ಅಥವಾ ರಕ್ತಸ್ರಾವ ಇದ್ದವರಿಗೆ ಕೊಡುವಂತಿಲ್ಲ. ಆ ನಾಲ್ಕು ಮಾತ್ರೆಯ ಬೆಲೆ ಹೋಟೆಲಿನ ಒಂದು ಕಾಫಿಗಿಂತ ಕಡಿಮೆ.

ರೋಗಿ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಮೊದಲ ಇಸಿಜಿ ‘ನಾರ್ಮಲ್’ ಬಂದಿತೆಂದು ಮನೆಗೆ ಕಳಿಸಿಬಿಡುವುದು ಅಪಾಯ. ನೋವು ನಿಂತಿಲ್ಲವಾದರೆ 15–30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು. ಹೃದಯದ ಸ್ನಾಯುವಿಗೆ ಪೆಟ್ಟಾದುದನ್ನು ತೋರಿಸುವ ಟ್ರೊಪೊನಿನ್ ರಕ್ತದಲ್ಲಿ ಏರಲು ಕೆಲವು ಗಂಟೆ ಹಿಡಿಯುತ್ತದೆ, ಹಾಗಾಗಿ ಆ ಪರೀಕ್ಷೆಯೂ ಒಂದೇ ಸಲಕ್ಕೆ ಮುಗಿಯದು. ಆದರೆ ಇಸಿಜಿಯಲ್ಲಿ ಎಸ್‌ಟಿ ಗೆರೆ ಮೇಲೆದ್ದಿದ್ದರೆ ಟ್ರೊಪೊನಿನ್‌ಗಾಗಿ ಒಂದು ನಿಮಿಷವೂ ಕಾಯಬೇಕಿಲ್ಲ. ನಾಲಿಗೆಯಡಿಯ ಸಾರ್ಬಿಟ್ರೇಟ್ ಎಲ್ಲರಿಗೂ ಅಲ್ಲ. ಮೇಲಿನ ಬಿಪಿ 90ಕ್ಕಿಂತ ಕೆಳಗಿದ್ದರೆ ಅದರಿಂದ ಕೇಡೇ ಹೆಚ್ಚು.

ಹೀಗೆ ಎಸ್‌ಟಿ ಗೆರೆ ಮೇಲೆದ್ದವರಿಗೆ ಕ್ಯಾಥ್‌ಲ್ಯಾಬ್ 120 ನಿಮಿಷದೊಳಗೆ ಸಿಗುವಂತಿದ್ದರೆ, ಮುಚ್ಚಿದ ರಕ್ತನಾಳವನ್ನು ಅಲ್ಲಿ ತೆರೆಯುವ ಆಂಜಿಯೋಪ್ಲಾಸ್ಟಿಯೇ ಉತ್ತಮ. ಆಗ ಹಾಕುವ ಔಷಧ ಲೇಪಿತ ಸ್ಟೆಂಟಿಗೆ 2017ರ ಫೆಬ್ರವರಿಯಲ್ಲಿ ಕೇಂದ್ರ ಕಟ್ಟಿದ ಗರಿಷ್ಠ ಬೆಲೆ, ತೆರಿಗೆ ಬಿಟ್ಟು, 29,600 ರೂಪಾಯಿ. ತಾಲ್ಲೂಕಿನಿಂದ ಅಷ್ಟು ಬೇಗ ತಲುಪಲಾಗದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇದೆ. ನೋವು ಶುರುವಾಗಿ 12 ಗಂಟೆಯೊಳಗೆ, ಒಂದೇ ಸಲಕ್ಕೆ ಚುಚ್ಚುವ ಇಂಜೆಕ್ಷನ್. ತೂಕ 60 ಕಿಲೋಗಿಂತ ಕಡಿಮೆಯಿದ್ದರೆ 30 ಮಿ.ಗ್ರಾಂ, 90 ದಾಟಿದರೆ 50. ನೂರರಲ್ಲಿ ಸುಮಾರು ಒಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವವಾಗುವ ಭಯವಿರುವುದರಿಂದ ಹಿಂದೆ ಪಾರ್ಶ್ವವಾಯು ಆಗಿತ್ತೇ, ಇತ್ತೀಚೆಗೆ ಆಪರೇಷನ್ ಆಗಿದೆಯೇ ಎಂದು ಕೇಳಲೇಬೇಕು. ಹೊರಗೆ ಹತ್ತಾರು ಸಾವಿರ ರೂಪಾಯಿಯ ಈ ಔಷಧ ಕರ್ನಾಟಕದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ.

ಇಂಜೆಕ್ಷನ್ ಕೊಟ್ಟ ಮೇಲೆ ರೋಗಿಯನ್ನು ಅಲ್ಲೇ ಉಳಿಸಿಕೊಳ್ಳುವುದಲ್ಲ, ಕ್ಯಾಥ್‌ಲ್ಯಾಬ್ ಇರುವಲ್ಲಿಗೆ ಹೊರಡಿಸಬೇಕು. 60–90 ನಿಮಿಷಕ್ಕೆ ಇಸಿಜಿ ಮತ್ತೆ ತೆಗೆದಾಗ ಮೇಲೆದ್ದ ಗೆರೆ ಅರ್ಧಕ್ಕಾದರೂ ಇಳಿದಿರಬೇಕು. ಇಳಿದಿಲ್ಲವೆಂದರೆ ಹೆಪ್ಪು ಕರಗಿಲ್ಲ, ಆಂಜಿಯೋಪ್ಲಾಸ್ಟಿ ತಕ್ಷಣ ಆಗಬೇಕು.