ಮರಿ ಮೊಲಕ್ಕೆ ಭೇದಿಯೇ? ಮಾತ್ರೆಗೂ ಮೊದಲು ಹಿಕ್ಕೆ ತೋರಿಸಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಮೊಲ ಸಾಕೋ ಗೆಳೆಯರೇ, ಮಳೆಗಾಲದಲ್ಲಿ ತಾಯಿ ಹಾಲು ಬಿಟ್ಟ ಮರಿಗಳಿಗೆ ಭೇದಿ ಆದ್ರೆ ಅದು ಕಾಕ್ಸಿಡಿಯೋಸಿಸ್ ಇರಬಹುದು. ಹೊಟ್ಟೆ ಉಬ್ಬುತ್ತೆ, ಮರಿ ಮೇವು ಬಿಡುತ್ತೆ, ಕೆಲವೇ ದಿನದಲ್ಲಿ ಸಾಯಲೂಬಹುದು.

ಮನೇಲಿರೋ ಅಮಾಕ್ಸಿಸಿಲಿನ್ ಮಾತ್ರ ಕುಡಿಸಬೇಡಿ. ಅದು ಮೊಲದ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಕೊಲ್ಲುತ್ತೆ. ಭೇದಿ ಇನ್ನೂ ಜೋರಾಗಿ ಮರಿ ಸಾಯಬಹುದು.

ರೋಗದ ಮರಿಯನ್ನ ಬೇರೆ ಗೂಡಲ್ಲಿಟ್ಟು ನೀರು ಕೊಡಿ. ತಾಜಾ ಹಿಕ್ಕೆಯನ್ನ ಡಬ್ಬೀಲಿ ಹಾಕಿ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ. ಪರೀಕ್ಷೆ ಮಾಡಿ, ತೂಕಕ್ಕೆ ತಕ್ಕ ಔಷಧಿಯನ್ನ ಡಾಕ್ಟರೇ ಬರೀತಾರೆ.

ಹಿಕ್ಕೆಯಲ್ಲಿರೋ ಈ ರೋಗಾಣು ಫಿನೈಲ್‌ಗೆ ಸುಲಭವಾಗಿ ಸಾಯಲ್ಲ. ಖಾಲಿ ಗೂಡನ್ನ ಉಜ್ಜಿ, ಕುದಿಯೋ ನೀರು ಸುರಿದು, ಬಿಸಿಲಲ್ಲಿ ಒಣಗಿಸಿ. ಹಿಪ್ಪುನೇರಳೆ ಸೊಪ್ಪನ್ನ ಬಾಡಿಸಿ, ನೆಲಕ್ಕೆ ಹಾಕದೆ ಮೇಲೆ ಕಟ್ಟಿ ಕೊಡಿ.